ಮೊದಲ ಚೂರು ಸುಣ್ಣ ಹುಟ್ಟುವುದೆಲ್ಲಿ? ಮರಿಚಿಪ್ಪಿನ ಗೋಜಲಿನ ಹಿನ್ನೆಲೆ

ಮುಂಗಾರು ಹಿಡಿಯಿತೆಂದರೆ ಬೆಂಗಳೂರಿನ ಬಡಾವಣೆಗಳಲ್ಲಿ ಕಾಂಪೌಂಡ್ ಗೋಡೆ ತುಂಬ ಆಫ್ರಿಕನ್ ದೈತ್ಯ ಬಸವನಹುಳುಗಳು. ಅವು ಗಿಡ ತಿನ್ನುವುದಷ್ಟೇ ಅಲ್ಲ, ಸುಣ್ಣ ಬಳಿದ ಗೋಡೆಯನ್ನೂ ಕೆರೆಯುತ್ತವೆ. ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಅಲ್ಲೂ ಸಿಗುತ್ತದೆ. (1847ರಲ್ಲಿ ಕಲ್ಕತ್ತೆಯ ತೋಟವೊಂದಕ್ಕೆ ತಂದು ಬಿಟ್ಟ ಪ್ರಾಣಿ ದೇಶವೆಲ್ಲ ಹಬ್ಬಿದ್ದು ಬೇರೆಯೇ ಕಥೆ.) ಸತ್ತ ಹುಳುವಿನ ಖಾಲಿ ಚಿಪ್ಪು ಸಿಕ್ಕರೆ ಅದರ ತುತ್ತತುದಿಯನ್ನು ನೋಡಿ. ಕೆಳಗಿನ ಸುತ್ತುಗಳಲ್ಲಿ ಕಂದು ಪಟ್ಟೆ, ಬೆಳೆದ ಗೀರು ಎಲ್ಲ ಇರುತ್ತವೆ. ತುದಿಯ ಸುತ್ತು ಮಾತ್ರ ಪುಟ್ಟದು, ಹೆಚ್ಚುಕಡಿಮೆ ನುಣುಪು. ಅದು ಮೊಟ್ಟೆಯೊಳಗೇ ಕಟ್ಟಿದ್ದು. ಹುಳು ಎಷ್ಟು ದೊಡ್ಡದಾದರೂ ಆ ಚೂರು ಕಳಚುವುದಿಲ್ಲ, ಅದರ ಅಂಚಿಗೇ ಹೊಸ ಚಿಪ್ಪು ಸೇರುತ್ತ ಹೋಗುತ್ತದೆ.

ಆ ಮೊದಲ ಚೂರನ್ನು ಯಾವ ಜೀವಕೋಶಗಳು ಕಟ್ಟುತ್ತವೆ? ಸುಣ್ಣ (ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್) ಮೊದಲು ಕೂಡುವುದು ಕೋಶದ ಒಳಗೋ, ಹೊರಗೋ? ಕೂಡಿದಾಗ ಅದು ಹರಳೋ, ಆಕಾರವಿಲ್ಲದ ಮುದ್ದೆಯೋ? ಮೊದಲ ಪ್ರಶ್ನೆಗೆ ನೂರು ವರ್ಷಕ್ಕೂ ಹಿಂದೆಯೇ ಬಹುಮಟ್ಟಿಗೆ ಉತ್ತರ ಸಿಕ್ಕಿದೆ. ಉಳಿದೆರಡಕ್ಕೆ ಪಠ್ಯಪುಸ್ತಕ ಒಂದು ಹೇಳುತ್ತದೆ, ಸಂಶೋಧನಾ ಪ್ರಬಂಧಗಳು ಇನ್ನೊಂದು ಹೇಳುತ್ತವೆ. ಬೆಳೆದ ಪ್ರಾಣಿಯಲ್ಲಿ ಕಂಡದ್ದನ್ನು ಎರಡು ದಿನದ ಡಿಂಭದ (ಲಾರ್ವಾ, ಅಂದರೆ ಎಳೆಮರಿಯ) ತಲೆಗೆ, ಡಿಂಭದಲ್ಲಿ ಕಂಡದ್ದನ್ನು ಬೆಳೆದ ಪ್ರಾಣಿಯ ತಲೆಗೆ ಕಟ್ಟುತ್ತ ಬಂದದ್ದೇ ಈ ಗೋಜಲಿಗೆ ಮುಖ್ಯ ಕಾರಣ.

ಮೃದ್ವಂಗಿಗಳ ಭ್ರೂಣದ ಬೆನ್ನಿನ ಮೇಲೆ ಒಂದು ಗುಳಿ ಬೀಳುತ್ತದೆ, ಚಿಪ್ಪಿಗೆ ಅದೇ ಮೂಲ ಎಂದು 1870ರ ದಶಕದಲ್ಲೇ ಬ್ರಿಟಿಷ್ ಪ್ರಾಣಿವಿಜ್ಞಾನಿ ರೇ ಲ್ಯಾಂಕೆಸ್ಟರ್ ಗುರುತಿಸಿದ್ದ. ಮುಂದಿನ ತಲೆಮಾರಿನವರು ಮೊಟ್ಟೆ ಒಡೆಯುತ್ತ ಹೋದಂತೆ ಒಂದೊಂದು ಕೋಶಕ್ಕೂ ಹೆಸರಿಟ್ಟು, ಅದರ ಸಂತತಿ ಏನಾಯಿತೆಂದು ವಂಶಾವಳಿ ಬರೆದರು. ಕ್ರೆಪಿಡ್ಯುಲ ಎಂಬ ಕಡಲ ಬಸವನಹುಳುವಿನ ಮೇಲೆ ಎಡ್ವಿನ್ ಕಾಂಕ್ಲಿನ್ 1897ರಲ್ಲಿ ಪ್ರಕಟಿಸಿದ ಕೆಲಸ ಇಂದಿಗೂ ಆಧಾರ. ಚಿಪ್ಪು ಕಟ್ಟುವ ಭಾಗದಲ್ಲಿ ದೊಡ್ಡ ಪಾಲು '2ಡಿ' ಎಂಬ ಒಂದೇ ಕೋಶದ ಮಕ್ಕಳದ್ದು. ಇಪ್ಪತ್ತನೆಯ ಶತಮಾನದ ನಡುವಿನ ದಶಕಗಳನ್ನು ಒಂದೇ ಸಾಲಿನಲ್ಲಿ ಹೇಳಬಹುದು: ಮೊಟ್ಟೆಯ ಒಂದು ಉಬ್ಬನ್ನು ಕತ್ತರಿಸಿದರೆ ಡಿಂಭಕ್ಕೆ ಹೊರಚಿಪ್ಪೇ ಬರುವುದಿಲ್ಲ, ಅಂದರೆ ಚಿಪ್ಪಿನ ಕೋಶಗಳು ತಮ್ಮಷ್ಟಕ್ಕೆ ತಾವೇ ತಯಾರಾಗುವುದಿಲ್ಲ, ಬೇರೆ ಕೋಶಗಳ ಸೂಚನೆ ಬೇಕು.

ಈ ಪರಂಪರೆಯಿಂದಲೇ ಇನ್ನೊಂದು ಸೊಗಸಾದ ಸಂಗತಿ ಹೊರಬಂತು. ಗಾಂಧಿಬಜಾರಿನ ಪೂಜಾ ಸಾಮಾನಿನ ಅಂಗಡಿಗಳಲ್ಲಿ ಬಲಮುರಿ ಶಂಖದ ಬೆಲೆ ಕೇಳಿದವರಿಗೆ ಸುರುಳಿಯ ದಿಕ್ಕಿನ ಮಹತ್ವ ಗೊತ್ತಿರುತ್ತದೆ. ಲಿಮ್ನೇಯ ಎಂಬ ಕೊಳದ ಬಸವನಹುಳುವಿನಲ್ಲಿ ಆ ದಿಕ್ಕು ತಾಯಿಯ ಜೀನ್ ನೋಡಿ ನಿರ್ಧಾರವಾಗುತ್ತದೆಂದು 1923ರಲ್ಲೇ ತಿಳಿದಿತ್ತು. 2009ರಲ್ಲಿ ಜಪಾನಿನ ರೇಕೊ ಕುರೋಡ ಅವರ ತಂಡ ಭ್ರೂಣ ಎಂಟು ಕೋಶದ್ದಾಗುವ ಹೊತ್ತಿಗೆ ಸಣ್ಣ ಕೋಶಗಳನ್ನು ಗಾಜಿನ ಕಡ್ಡಿಯಿಂದ ಉಲ್ಟಾ ತಳ್ಳಿತು. ಆ ಭ್ರೂಣಗಳು ತಿರುಗು ಸುರುಳಿಯ ಚಿಪ್ಪಿನ ಹುಳುಗಳಾಗಿ ಬೆಳೆದವು. ಇನ್ನೂ ಒಂದು ಕಣ ಸುಣ್ಣವೂ ಇಲ್ಲದ ಹೊತ್ತಿನಲ್ಲಿ ಚಿಪ್ಪಿನ ನಕ್ಷೆ ಬಿದ್ದಾಗಿರುತ್ತದೆ.

ಗುಳಿಯೊಳಗೆ ಏನಾಗುತ್ತದೆಂದು ಎಲೆಕ್ಟ್ರಾನ್ ಮೈಕ್ರೊಸ್ಕೋಪ್ ಬಂದ ಮೇಲೆ ಸ್ಪಷ್ಟವಾಯಿತು. 1980ರ ದಶಕದ ಆರಂಭದ ಬರಹಗಳು ಇದನ್ನು ವಿವರವಾಗಿ ದಾಖಲಿಸಿವೆ. ಬೆನ್ನಿನ ಕೋಶಗಳು ಉದ್ದವಾಗಿ ಒಳಕ್ಕೆ ಮಡಚಿಕೊಳ್ಳುತ್ತವೆ. ಗುಳಿಯ ಬಾಯಿ ಸಣ್ಣ ರಂಧ್ರದಷ್ಟು ಕಿರಿದಾಗುತ್ತದೆ. ಆ ಬಾಯಿಯ ಸುತ್ತಲ ಕೋಶಗಳು ತೆಳ್ಳನೆಯ ಪೊರೆಯೊಂದನ್ನು ಸ್ರವಿಸುತ್ತವೆ. ಆಮೇಲೆ ಗುಳಿ ಹೊರಕ್ಕೆ ತಿರುಗಿ ಚಪ್ಪಟೆಯಾಗುತ್ತದೆ, ಪೊರೆ ಅಗಲವಾಗುತ್ತದೆ, ಸುಣ್ಣ ಕೂಡುವುದು ಈ ಪೊರೆಯ ಕೆಳಗೆ, ಕೋಶಗಳ ಮೇಲೆ. ಮನೆ ಕಟ್ಟಿಸಿದವರಿಗೆ ಇದು ಸೆಂಟ್ರಿಂಗ್ ಹೊಡೆದು ಕಾಂಕ್ರೀಟ್ ಹಾಕಿದಂತೆ ಕಂಡೀತು; ಒಂದೇ ವ್ಯತ್ಯಾಸವೆಂದರೆ ಇಲ್ಲಿ ಸೆಂಟ್ರಿಂಗ್ ಮೇಲ್ಗಡೆ ಇದೆ, ಅದನ್ನು ಯಾರೂ ಬಿಚ್ಚುವುದಿಲ್ಲ. ಸಿಂಪಿ, ಮರುವಾಯಿಯಂಥ ಎರಡು ಹೋಳಿನ ಜೀವಿಗಳಲ್ಲಿ ಇದೇ ಪೊರೆ ಬೆನ್ನಿನ ಮೇಲೆ ಕುದುರೆಯ ಜೀನಿನಂತೆ ಎರಡೂ ಕಡೆ ಇಳಿಬೀಳುತ್ತದೆ, ನಡುವೆ ನೇರವಾದ ಕೀಲು ಉಳಿಯುತ್ತದೆ. ಒಂದೆರಡು ದಿನದಲ್ಲಿ ಇಂಗ್ಲಿಷಿನ ಡಿ ಅಕ್ಷರದ ಆಕಾರದ ಡಿಂಭ ಸಿದ್ಧ. ಗಾತ್ರ ಸುಮಾರು ಮಿಲಿಮೀಟರಿನ ಹತ್ತನೇ ಒಂದು ಪಾಲು. ನಮ್ಮ ಕೆರೆಯ ಕಪ್ಪೆಚಿಪ್ಪಿನ ದಾರಿಯೇ ಬೇರೆ: ಅದರ ಮರಿ ಮೀನಿನ ಕಿವಿರಿಗೆ ಅಂಟಿಕೊಂಡು ಬೆಳೆಯುತ್ತದೆ. ಇಂಥ ಮರಿಯನ್ನು 1797ರಲ್ಲಿ ಪ್ರತ್ಯೇಕ ಪರಾವಲಂಬಿ ಎಂದುಕೊಂಡೇ ಹೆಸರಿಟ್ಟಿದ್ದರು.

ಜೀನ್‌ಗಳ ಕಾಲ ಬಂದಾಗ ಗುಳಿಯ ಗಡಿ ಕಾಯುವವು ಯಾವುವೆಂದು ತಿಳಿಯಿತು. ನೊಣದ ದೇಹದಲ್ಲಿ ಖಂಡಗಳ ಎಲ್ಲೆ ಹಾಕುವ ಎನ್‌ಗ್ರೇಲ್ಡ್ ಜೀನ್ ಇಲ್ಲಿ ಚಿಪ್ಪಿನ ಪ್ರದೇಶದ ಅಂಚಿನಲ್ಲಿ ಚುರುಕಾಗುತ್ತದೆ, ಅದರ ಹೊರಗೆ ಡಿಪಿಪಿ ಎಂಬ ಸಂಕೇತ. 2007ರಲ್ಲಿ ಕೈಟಿನ್ (ಕೀಟಗಳ ಕವಚದಲ್ಲೂ ಇರುವ ವಸ್ತು) ತಯಾರಿಯನ್ನು ತಡೆಯುವ ಔಷಧ ಕೊಟ್ಟಾಗ ಪಚ್ಚಿಲೆಯಂಥ ಮಸಲ್ ಡಿಂಭಗಳ ಚಿಪ್ಪು ಕೆಟ್ಟಿತು. 2012ರಲ್ಲಿ ಸಿಂಪಿಯ ಜೀನೋಮ್ ಪೂರ್ತಿ ಓದಿಯಾಯಿತು. ಪಟ್ಟಿ ಬೆಳೆದಷ್ಟು ತಿಳಿವಳಿಕೆ ಬೆಳೆಯಿತು ಎನ್ನಲಾರೆ.

ಇನ್ನು ಸುಣ್ಣದ ಮಾತು. ಬೆಳೆದ ಚಿಪ್ಪಿನ ಸೌಂದರ್ಯ ವಿಜ್ಞಾನಿಗಳನ್ನು ಸೆಳೆದದ್ದು ಸಹಜ. 1933ರಲ್ಲಿ ಬೆಂಗಳೂರಿಗೆ ಬಂದ ಸಿ. ವಿ. ರಾಮನ್ ಅವರೇ ಇಲ್ಲಿ ಕೂತು ಚಿಪ್ಪಿನ ಒಳಮೈಯ ಬಣ್ಣದ ಹೊಳಪಿನ ಬಗ್ಗೆ ಸಾಲಾಗಿ ಪ್ರಬಂಧ ಬರೆದರು. ಅವರ ಹೆಸರಿನ ಪರಿಣಾಮವೇ ಮುಂದೆ ಡಿಂಭದ ತಕರಾರಿನಲ್ಲಿ ಎರಡೂ ಕಡೆಯವರ ಸಾಕ್ಷಿಯಾಯಿತು. ಬೆಳಕು ವಸ್ತುವಿಗೆ ಬಡಿದು ಚದುರಿದಾಗ ಅದರ ಬಣ್ಣ ಎಷ್ಟು ಜರುಗಿತೆಂದು ಅಳೆದರೆ ಒಳಗಿರುವುದು ಹರಳು ಸುಣ್ಣವೋ, ಹರಳಾಗದ ಸುಣ್ಣವೋ ಹೇಳಬಹುದು.

1997ರಲ್ಲಿ ಮುಳ್ಳುಚೆಂಡಿನಂಥ ಜೀವಿಯಾದ ಕಡಲ ಅರ್ಚಿನ್‌ನ ಡಿಂಭದ ಮುಳ್ಳಿನಲ್ಲಿ ಹರಳಾಗದ ಕ್ಯಾಲ್ಸಿಯಂ ಕಾರ್ಬೊನೇಟ್ ಸಿಕ್ಕಿತು. ಚಿಪ್ಪಿನಲ್ಲೂ ಹಾಗೇ ಇರಬೇಕೆಂಬ ನಿರೀಕ್ಷೆ ಹುಟ್ಟಿತು. 2002ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳಿದ್ದ ತಂಡ ಮರುವಾಯಿಯಂಥ ಒಂದು ಕ್ಲ್ಯಾಮ್ ಮತ್ತು ಪೆಸಿಫಿಕ್ ಸಿಂಪಿಯ ಡಿಂಭಗಳನ್ನು ಪರೀಕ್ಷಿಸಿ, ಮೊದಲು ಕೂಡುವುದು ಹೆಚ್ಚಾಗಿ ಹರಳಾಗದ ಸುಣ್ಣವೇ, ಅದರಲ್ಲಿ ಒಂದು ಪಾಲು ಆಮೇಲೆ ಅರಗೊನೈಟ್ ಎಂಬ ಬಗೆಯ ಹರಳಾಗುತ್ತದೆ ಎಂದಿತು. ಬೆಳೆದ ಚಿಪ್ಪಿನಲ್ಲೂ ಹೀಗಿರಬಹುದು ಎಂಬ ಒಂದು ಊಹೆಯ ಸಾಲೂ ಅದರಲ್ಲಿತ್ತು. ಆ 'ಬಹುದು' ಮುಂದಿನ ವರ್ಷಗಳಲ್ಲಿ ಎಷ್ಟೋ ಕಡೆ 'ಹೌದು' ಆಯಿತು. 2004ರಲ್ಲಿ ಇನ್ನೊಂದು ತಂಡ, ಬೆಳೆದ ಸಿಂಪಿಯ ರಕ್ತಕೋಶಗಳೇ ಹರಳನ್ನು ಹೊತ್ತು ಚಿಪ್ಪಿನ ಅಂಚಿಗೆ ತರುತ್ತವೆ ಎಂದು ತೋರಿಸಿತು. ಎರಡನ್ನೂ ಕೂಡಿಸಿದರೆ ಚಂದದ ಕಥೆ: ಕೋಶದೊಳಗೆ ಮೆತ್ತನೆಯ ಸುಣ್ಣ ತಯಾರಿ, ಹೊರಗೆ ಸಾಗಾಟ, ಅಲ್ಲಿ ಹರಳು. ಆದರೆ ಒಂದು ಡಿಂಭದ್ದು, ಇನ್ನೊಂದು ಬೆಳೆದ ಸಿಂಪಿಯದ್ದು. ನಡುವಿನ ಕೊಂಡಿ ಯಾರೂ ನೋಡಿದ್ದಲ್ಲ.

ಅದನ್ನು ನೋಡುವ ಪ್ರಯತ್ನ ಜರ್ಮನಿಯ ಕೀಲ್ ನಗರದಲ್ಲಿ ನಡೆಯಿತು. ನಮ್ಮ ಕರಾವಳಿಯ ಪಚ್ಚಿಲೆಯ ಬಂಧುವಾದ ಮಸಲ್‌ನ ಡಿಂಭಕ್ಕೆ, ಚಿಪ್ಪಿಗೂ ಮೈಗೂ ನಡುವಿನ ಸಂದಿಗೆ, ಕೂದಲಿಗಿಂತ ತೆಳ್ಳನೆಯ ಎಲೆಕ್ಟ್ರೋಡ್ ತೂರಿಸಿದರು. 2017ರ ವರದಿಯ ಪ್ರಕಾರ ಡಿಂಭ ಆ ಸಂದಿಯ ನೀರಿನ ಆಮ್ಲತೆ ತಗ್ಗಿಸಿ ಕಾರ್ಬೊನೇಟ್ ಹೆಚ್ಚಿಸುತ್ತದೆ. ಸುಣ್ಣ ಹರಳುಗಟ್ಟುವ ಅನುಕೂಲ ಹೊರಗಿನ ಸಮುದ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಕೋಶದೊಳಗೆ ಸುಣ್ಣ ತಯಾರಾಗುವ ಪುರಾವೆ ಸಿಗಲಿಲ್ಲ. ಮರುವರ್ಷ ಜೀವಂತ ಡಿಂಭಗಳ ಮೇಲೇ ರಾಮನ್ ಉಪಕರಣ ಹಿಡಿದರು. ಗರ್ಭಕಟ್ಟಿ 21 ಗಂಟೆಗೆ ಚಿಪ್ಪು ಕಾಣಿಸಿದಾಗಲೇ ಅದು ಅರಗೊನೈಟ್; 48 ಗಂಟೆಯವರೆಗೂ ಹರಳಾಗದ ಸುಣ್ಣದ ಸುಳಿವಿಲ್ಲ. 2002ರಲ್ಲಿ ಬಳಸಿದ್ದ ಅದೇ ಎರಡು ಪ್ರಭೇದಗಳಲ್ಲೂ ಸಿಗಲಿಲ್ಲ. ಹಾಗೆಂದು ಹಳೆಯದು ಸುಳ್ಳಾಯಿತೆಂದಲ್ಲ: ಮುದ್ದೆ ತೀರಾ ಸಣ್ಣದಾಗಿದ್ದು ಕ್ಷಣಮಾತ್ರ ಇದ್ದು ಹರಳಾದರೆ ಉಪಕರಣದ ಕಣ್ಣಿಗೆ ಬೀಳುವುದಿಲ್ಲ.

ಇಷ್ಟರಲ್ಲಿ ತಕರಾರು ಲ್ಯಾಬಿನಿಂದ ಹೊರಗೆ ಬಂದಿತ್ತು. 2007ರ ಸುಮಾರಿಗೆ ಅಮೆರಿಕದ ಒರೆಗಾನ್ ಕರಾವಳಿಯಲ್ಲಿ ಸಿಂಪಿ ಮರಿ ಬೆಳೆಸುವ ಕೇಂದ್ರದ ಡಿಂಭಗಳು ರಾಶಿ ರಾಶಿ ಸತ್ತವು. ಆಳದಿಂದ ಉಕ್ಕಿ ಬಂದ, ಕಾರ್ಬನ್ ಡೈಆಕ್ಸೈಡ್ ಹೆಚ್ಚಿದ ನೀರು ಕಾರಣವೆಂದು ಆಮೇಲೆ ತಿಳಿಯಿತು. ಮೊದಲ ಎರಡು ದಿನದಲ್ಲಿ ಸಿಂಪಿ ಡಿಂಭ ತನ್ನ ತೂಕದ ಶೇ. 90ರವರೆಗೂ ಸುಣ್ಣವನ್ನೇ ಕೂಡಿಸುತ್ತದೆ, ಅದೂ ಮೊಟ್ಟೆಯಲ್ಲಿ ತಂದ ಬುತ್ತಿಯ ಬಲದಲ್ಲಿ. ಕೇಂದ್ರದವರು ಒಳಗೋ ಹೊರಗೋ ಎಂಬ ತೀರ್ಪಿಗೆ ಕಾಯದೆ ನೀರಿಗೆ ಸೋಡಿಯಂ ಕಾರ್ಬೊನೇಟ್ ಬೆರೆಸಿ ಮರಿ ಉಳಿಸಿಕೊಂಡರು. ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟವರಿಗೆ ಇದರ ಚಿಕ್ಕ ರೂಪ ಗೊತ್ತು: ಗಡಸಾದ ಬೋರ್‌ವೆಲ್ ನೀರಿನಲ್ಲಿ ಬಸವನಹುಳುವಿನ ಚಿಪ್ಪು ಗಟ್ಟಿಯಾಗಿರುತ್ತದೆ, ಮೆದುವಾದ ಹುಳಿ ನೀರಿನಲ್ಲಿ ತುದಿ ಬಿಳುಚಿ ಸವೆಯುತ್ತದೆ.

ಕಡಲಿಲ್ಲದ ಊರಿನಲ್ಲೂ ಇದನ್ನು ನೋಡಬಹುದು. ಶಿವಾಜಿನಗರದ ಅಂಗಡಿಯಿಂದ ತಂದ ನೀರುಗಿಡದ ಜೊತೆ ಬಂದ ಹುಳುಗಳು ತೊಟ್ಟಿಯ ಗಾಜಿಗೆ ಅಂಟಿಸುವ ಲೋಳೆಯಂಥ ಮೊಟ್ಟೆಗೊಂಚಲು ಸಾಕು. ಅದು ಪಾರದರ್ಶಕ, ಕಾಲೇಜಿನ ಸಾಮಾನ್ಯ ಮೈಕ್ರೊಸ್ಕೋಪಿನಡಿ ಮರಿ ಒಳಗೆ ಗಿರಗಿರ ತಿರುಗುವುದು ಕಾಣುತ್ತದೆ. ಫಿಸಿಕ್ಸ್ ಲ್ಯಾಬಿನ ಎರಡು ಪೋಲರಾಯ್ಡ್ ಹಾಳೆಗಳನ್ನು ಅಡ್ಡಡ್ಡ ಇಟ್ಟು ನೋಡಿದರೆ ಸುತ್ತೆಲ್ಲ ಕತ್ತಲೆಯಾಗಿ ಹರಳಾದ ಚಿಪ್ಪು ಮಾತ್ರ ಬೆಳಗುತ್ತದೆ. ಏನೂ ಬೆಳಗದಿದ್ದರೆ ಚಿಪ್ಪಿಲ್ಲವೆಂದು ಬರೆದುಕೊಳ್ಳುವ ಹಾಗಿಲ್ಲ. ಪೊರೆಯಷ್ಟೇ ಇದ್ದರೂ ಕತ್ತಲೆ, ಹರಳಾಗದ ಸುಣ್ಣವಿದ್ದರೂ ಕತ್ತಲೆ. ಅವೆರಡನ್ನು ಬೇರ್ಪಡಿಸಲು ರಾಮನ್ ಉಪಕರಣವೇ ಬೇಕು, ಮರಿ ಬದುಕಿರುವಾಗಲೇ ಬೇಕು. ಒಣಗಿಸಿದರೆ ಮುದ್ದೆ ಅಷ್ಟರಲ್ಲೇ ಹರಳಾಗಿರಬಹುದು.