ನೆಲ ನಡುಗಿದ್ದಕ್ಕೋ, ಬರೆ ಕಡಿದಿದ್ದಕ್ಕೋ?

2022ರ ಜೂನ್ 28, ಬೆಳಿಗ್ಗೆ ಏಳೂಮುಕ್ಕಾಲು. ಕೊಡಗಿನ ಚೆಂಬು, ಕರಿಕೆ, ಸಂಪಾಜೆ ಕಡೆಯವರಿಗೆ ಮೊದಲು ಕೇಳಿಸಿದ್ದು ಸದ್ದು. ಮಳೆಗಾಲ ಅಲ್ವಾ, ಗುಡುಗಿರಬೇಕು ಅಂದುಕೊಳ್ಳುವಷ್ಟರಲ್ಲಿ ಅಡುಗೆಮನೆಯ ಪಾತ್ರೆಗಳು ಕಟಕಟ ಅಂದವು. ಮೂರು ದಿನದ ಹಿಂದೆಯೂ ಹೀಗೇ ಆಗಿತ್ತು. ಜುಲೈನಲ್ಲೂ ಆಯಿತು. ಜೂನ್ 28ರ ಕಂಪನದ ಅಳತೆ ಬರೀ 3. ಆದರೂ ಊರಿಡೀ ಒಂದೇ ಪ್ರಶ್ನೆ: ‘ದೊಡ್ಡದು ಬರುತ್ತಾ?’

ಕೊಡಗಿನ ಕೆಳಗಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ. ಗಟ್ಟಿಯೇನೋ ಹೌದು, ಆದರೆ ಅದರಲ್ಲೂ ಹಳೇ ಬಿರುಕುಗಳಿವೆ. ನಮ್ಮ ದೇಶವನ್ನು ಹೊತ್ತ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಜರುಗಿ ಹಿಮಾಲಯವನ್ನು ಒತ್ತುತ್ತಿದೆ. ಆ ಒತ್ತಡ ಇಲ್ಲಿಗೂ ತಲುಪುತ್ತದೆ. ಎಲ್ಲೋ ಒಂದು ಬಿರುಕು ಚೂರು ಜಾರಿದರೆ ನಮಗೆ ಪಾತ್ರೆ ಸದ್ದು. ಮಳೆ ನೀರು ಆಳಕ್ಕಿಳಿದಾಗ ಇಂಥ ಸಣ್ಣ ಕಂಪನಗಳು ಜಾಸ್ತಿಯಾಗಬಹುದು ಅನ್ನುತ್ತಾರೆ ವಿಜ್ಞಾನಿಗಳು.

ದಕ್ಷಿಣದ ನೆಲ ಅಲ್ಲಾಡಲ್ಲ ಅನ್ನೋ ನಂಬಿಕೆ ನಮ್ಮದು. 1900ರ ಫೆಬ್ರವರಿಯಲ್ಲೇ ಕೊಯಮತ್ತೂರು ಭಾಗದಲ್ಲಿ 6ರ ಆಸುಪಾಸಿನ ಭೂಕಂಪ ಆಗಿತ್ತು, ಜನ ಮರೆತರು. 1967ರ ಡಿಸೆಂಬರ್ 11ರಂದು ಮಹಾರಾಷ್ಟ್ರದ ಕೊಯ್ನಾ ನಡುಗಿದ ಮೇಲೆ ಭೂಕಂಪದ ನಕ್ಷೆ ತಿದ್ದಿದರು. ಹಾಗೆ ತಿದ್ದಿದ ನಕ್ಷೆಯಲ್ಲೂ ಲಾತೂರು ಜಿಲ್ಲೆಯ ಕಿಲ್ಲಾರಿ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲೇ ಇತ್ತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಅಲ್ಲಿ 6.2ರ ಭೂಕಂಪವಾಗಿ ಹತ್ತು ಸಾವಿರದಷ್ಟು ಜನ ಸತ್ತರು. ಕೊಂದಿದ್ದು ಗೋಡೆಗಳು. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರದ ಮಾಳಿಗೆ. 2002ರ ನಕ್ಷೆಯಲ್ಲಿ ಆ ಒಂದನೇ ವಲಯವನ್ನೇ ತೆಗೆದುಹಾಕಿದರು. ಕರ್ನಾಟಕ ಅದರಲ್ಲಿ ಎರಡು ಮತ್ತು ಮೂರನೇ ವಲಯಕ್ಕೆ ಬಂತು.

ನಮ್ಮದು 3, ಕಿಲ್ಲಾರಿಯದು 6.2 ಅಂದರೆ ಎರಡು ಪಟ್ಟು ಅಂತ ಲೆಕ್ಕ ಹಾಕಬೇಡಿ. ಅಳತೆ ಒಂದು ಏರಿದರೆ ಶಕ್ತಿ 32 ಪಟ್ಟು ಏರುತ್ತದೆ. ನಮ್ಮಲ್ಲೇ ಹಿಂದೆ ಆಗಿದ್ದ 3.4ಕ್ಕೂ 6.2ಕ್ಕೂ ನಡುವಿನ ವ್ಯತ್ಯಾಸ ಸುಮಾರು 16 ಸಾವಿರ ಪಟ್ಟು.

3.4 ಅಂದೆ ನೋಡಿ, ಅದು 2018ರ ಜುಲೈ 9ರ ಮಧ್ಯಾಹ್ನ ಮಡಿಕೇರಿ ಸುತ್ತ ಆದ ಕಂಪನ. ತಿಂಗಳು ಕಳೆದು ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಗುಡ್ಡಗಳು ಮನೆ, ತೋಟ ಎಲ್ಲ ಎಳೆದುಕೊಂಡು ಇಳಿದವು. ಆ ಕಂಪನದಿಂದಲೇ ಗುಡ್ಡ ಸಡಿಲವಾಯಿತು ಅನ್ನೋ ಮಾತು ಇವತ್ತಿಗೂ ಇದೆ. ಬಂದು ನೋಡಿದ ಭೂವೈಜ್ಞಾನಿಕ ಸರ್ವೇಕ್ಷಣೆಯವರು ತೋರಿಸಿದ್ದು ಮಾತ್ರ ವಿಪರೀತ ಮಳೆ ಮತ್ತು ಕಡಿದ ಇಳಿಜಾರುಗಳನ್ನು. ಭೂಕಂಪದ ಮಾತು ನಮಗೆ ಅನುಕೂಲದ್ದು ಅಂತ ನನ್ನ ಅನಿಸಿಕೆ. ಜೇಸಿಬಿ ಕರೆಸಿದವರು ನಾವೇ ಅಲ್ವಾ?

ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿದು ಸೈಟ್ ಮಾಡೋದು ಹೇಗೆ ಅಂತ ಕೊಡಗಿನವರಿಗೆ ಹೇಳಬೇಕಿಲ್ಲ. ಹಿಂದೆ ಕಡಿದ ಮಣ್ಣನ್ನು ಮುಂದಕ್ಕೆ ತಳ್ಳಿ ಮಟ್ಟ ಮಾಡುತ್ತಾರೆ. ಅರ್ಧ ಮನೆ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ. ನೆಲ ಅಲ್ಲಾಡಿದರೆ ಎರಡೂ ಒಂದೇ ಥರ ಅಲ್ಲಾಡಲ್ಲ. ತುಂಬಿದ ಮಣ್ಣು ಕುಸಿಯುತ್ತದೆ, ಸೇರುವ ಜಾಗದಲ್ಲಿ ಗೋಡೆ ಸೀಳುತ್ತದೆ. ಇಳಿಜಾರಿಗೆ ಪಿಲ್ಲರ್ ಎಬ್ಬಿಸಿ ಕಟ್ಟಿದ ಹೋಂಸ್ಟೇಗಳದು ಇನ್ನೊಂದು ಕಥೆ. ಕಣಿವೆ ಕಡೆಯ ಉದ್ದ ಪಿಲ್ಲರ್ ನೋಡಿ ನಮಗೆ ಭಯ. ಆದರೆ ಉದ್ದದ್ದು ಸ್ವಲ್ಪ ಬಾಗಿಕೊಡುತ್ತದೆ. ಬರೆ ಕಡೆಯ ಗಿಡ್ಡ ಪಿಲ್ಲರ್ ಬಾಗಲ್ಲ. ಅದಕ್ಕೇ ಜಾಸ್ತಿ ಹೊಡೆತ ಬೀಳೋದು, ಮೊದಲು ಒಡೆಯೋದೂ ಅದೇ.

ಉಪಾಯ ದುಬಾರಿಯದಲ್ಲ. ಪಿಲ್ಲರ್ ಕಂಬಿಗೆ ಸುತ್ತುವ ರಿಂಗ್ ನೋಡಿದ್ದೀರಲ್ಲ? ಮೇಸ್ತ್ರಿ ಅದರ ತುದಿಯನ್ನು ಸುಮ್ನೆ ಮೂಲೆಗೆ ಮಡಚಿ ಬಿಟ್ಟರೆ, ಜೋರಾಗಿ ಅಲ್ಲಾಡಿದಾಗ ಅದು ಬಿಚ್ಚಿಕೊಳ್ಳುತ್ತದೆ. ತುದಿ 135 ಡಿಗ್ರಿ ಬಾಗಿ ಕಾಂಕ್ರೀಟಿನ ಒಳಕ್ಕೆ ಕಚ್ಚಿರಬೇಕು. ಒಂದೊಂದು ರಿಂಗಿಗೆ ಬೆರಳುದ್ದ ಕಂಬಿ ಜಾಸ್ತಿ ಬೇಕು, ಅಷ್ಟೇ. ಪಿಲ್ಲರ್ ಇಲ್ಲದ ಇಟ್ಟಿಗೆ, ಕಲ್ಲಿನ ಮನೆಯಾದರೆ ಪಾಯದ ಮೇಲೊಂದು, ಲಿಂಟಲ್ ಮಟ್ಟದಲ್ಲೊಂದು ಕಾಂಕ್ರೀಟ್ ಪಟ್ಟಿ ನಾಲ್ಕೂ ಗೋಡೆ ಸುತ್ತಿ ಬರಲಿ. ಕಿಟಕಿ ಮೇಲೆ ಮಾತ್ರ ತುಂಡು ಲಿಂಟಲ್ ಹಾಕಿದರೆ ಗೋಡೆಗಳು ಒಂದನ್ನೊಂದು ಹಿಡಿದುಕೊಳ್ಳಲ್ಲ. ಕೊಡವರ ಹಳೇ ಕುಟುಂಬದ ಮನೆ, ಐನ್‌ಮನೆ, ಏನು ಬಂದರೂ ತಡೆಯುತ್ತೆ ಅನ್ನೋದು ನಮ್ಮ ಅಭಿಮಾನದ ಮಾತು. ಮರದ ಕಂಬ ತಡೆದೀತು, ಒದ್ದೆಯಾದ ದಪ್ಪ ಮಣ್ಣಿನ ಗೋಡೆ ಕಷ್ಟ. ಬರೆಗೆ ಕಟ್ಟಿದ ತಡೆಗೋಡೆಯಲ್ಲಿ ನೀರು ಹೋಗಲು ತೂತು ಬಿಟ್ಟಿದ್ದಾರಾ, ಅದೂ ನೋಡಿ.

ಮನೆಯಲ್ಲಿ ಬಿರುಕು ಕಂಡರೆ ಅದರ ಎರಡೂ ತುದಿಗೆ ಪೆನ್ಸಿಲ್ ಗೀಟು ಹಾಕಿ ತಾರೀಖು ಬರೆದಿಡಿ. ಮಳೆಗಾಲದಲ್ಲಿ ಆಗಾಗ ನೋಡುತ್ತಿರಿ. ಬಿರುಕು ಗೀಟು ದಾಟಿದ್ದರೆ, ಜೋರು ಮಳೆಯ ಕಕ್ಕಡ ತಿಂಗಳು ಕಳೆಯಲಿ ಆಮೇಲೆ ನೋಡೋಣ ಅನ್ನಬೇಡಿ. ಅವತ್ತೇ ಬೇರೆ ಕಡೆ ಮಲಗಿ, ಬೆಳಿಗ್ಗೆ ಇಂಜಿನಿಯರ್‌ನ ಕರೆಸಿ.