ಎರಡು ಸ್ನಾಯು, ಅಪ್ಪಣೆ ಒಂದೇನಾ?

ಹೆಬ್ಬೆರಳು, ತೋರುಬೆರಳಿನ ನಡುವೆ ಒಂದು ಪೆನ್ನನ್ನು ಒತ್ತಿ ಹಿಡಿಯಿರಿ. ಅಂಗೈಯ ಸಣ್ಣ ಸ್ನಾಯುಗಳೂ ಮುಂಗೈಯ ಉದ್ದ ಸ್ನಾಯುಗಳೂ ಒಟ್ಟಿಗೇ ಬಿಗಿಯಾಗುತ್ತವೆ. ಎಲ್ಲಕ್ಕೂ ಒಂದೇ ಕಡೆಯಿಂದ ಅಪ್ಪಣೆ ಬಂತಾ, ಅಥವಾ ಒಂದೊಂದಕ್ಕೂ ಬೇರೆ ಬೇರೆನಾ? ಒಟ್ಟಿಗೆ ಬಿಗಿದವು ಅಂದ ಮಾತ್ರಕ್ಕೆ ಅಪ್ಪಣೆ ಒಂದೇ ಎನ್ನುವಂತಿಲ್ಲ.

ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿದರೆ ಸ್ನಾಯುವಿನ ವಿದ್ಯುತ್ತು ಪರದೆಯಲ್ಲಿ ಮೂಡುತ್ತದೆ. ಇದೇ ಇಎಂಜಿ. ನೋಡಲು ಮಗು ಸುಮ್ನೆ ಗೀಚಿದ ಗೆರೆಯ ಹಾಗಿರುತ್ತದೆ. ಆದರೆ ಒಳಗೆ ಲಯಗಳು ಅಡಗಿವೆ. ಮೆದುಳಿನಿಂದ ಬೆನ್ನುಹುರಿಗೆ ಇಳಿಯುವ ಸಂಕೇತ ಸೆಕೆಂಡಿಗೆ ಸುಮಾರು 15ರಿಂದ 30 ಸಲ ಏರಿಳಿಯುತ್ತದೆ. ಇದಕ್ಕೆ ಬೀಟಾ ಲಯ ಅಂತ ಹೆಸರು. ಬೆನ್ನುಹುರಿಯ ನರಕೋಶಗಳು ಆ ಏರಿಳಿತವನ್ನು ಸ್ನಾಯುವಿಗೂ ದಾಟಿಸುತ್ತವೆ. ಎರಡು ಮನೆಯ ದೀಪಗಳು ಪ್ರತಿ ಸಲವೂ ಒಟ್ಟಿಗೇ ಮಿಣುಕಿದರೆ ಲೈನ್ ಒಂದೇ ಎಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿನ ತರ್ಕವೂ ಅದೇ.

ಎರಡು ಸ್ನಾಯುಗಳ ಏರಿಳಿತದ ಈ ಹೊಂದಿಕೆಯ ಅಳತೆಗೆ ಕೊಹೆರೆನ್ಸ್ ಎನ್ನುತ್ತಾರೆ. 0 ಬಂದರೆ ಆ ಲಯದಲ್ಲಿ ಸಂಬಂಧವೇ ಇಲ್ಲ, 1 ಬಂದರೆ ಪೂರ್ತಿ ಹೊಂದಿಕೆ. ನಿಜವಾದ ಸ್ನಾಯುಗಳಲ್ಲಿ ಸಿಗುವ ಅಂಕಿ ಸಾಮಾನ್ಯವಾಗಿ ಸಣ್ಣದು. 1ರ ಹತ್ತಿರ ಬಂದರೆ ಖುಷಿಪಡಬೇಡಿ, ಅನುಮಾನಪಡಿ! ಅಕ್ಕಪಕ್ಕದ ಸ್ನಾಯುಗಳಾದರೆ ಒಂದರ ವಿದ್ಯುತ್ತು ಇನ್ನೊಂದರ ಎಲೆಕ್ಟ್ರೋಡಿಗೆ ಸೋರಿರಬಹುದು. ಇದು ಕ್ರಾಸ್‌ಟಾಕ್. ನನ್ನ ಪ್ರಕಾರ ಈ ಕೆಲಸದಲ್ಲಿ ಜಾಸ್ತಿ ಹೆದರಬೇಕಾದದ್ದು ಇದಕ್ಕೇ. ಅದಕ್ಕೇ ದೂರದೂರದ ಸ್ನಾಯುಗಳ ಜೋಡಿ ಸಿಕ್ಕಿದರೆ ಒಳ್ಳೆಯದು.

ಈ ಲಯ ಮೆದುಳಿಂದಲೇ ಬರುತ್ತದೆ ಎನ್ನಲು ಆಧಾರವೇನು? 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆರೋಗ್ಯವಂತರ ಕೈಯ ಸ್ನಾಯುವಿನಲ್ಲಿ ಕಂಡ 16ರಿಂದ 32 ಹರ್ಟ್ಸ್‌ನ (ಅಂದರೆ ಸೆಕೆಂಡಿಗೆ ಅಷ್ಟು ಸಲದ) ಹೊಂದಿಕೆ ಪಾರ್ಶ್ವವಾಯು ಆದವರ ಕೈಯಲ್ಲಿ ಕುಗ್ಗಿತ್ತು ಇಲ್ಲವೇ ಕಾಣೆಯಾಗಿತ್ತು. ಸ್ನಾಯುವಿಗೆ ಏನೂ ಆಗಿರಲಿಲ್ಲ. ಕೆಟ್ಟಿದ್ದು ಮೇಲಿನ ದಾರಿ.

ಇನ್ನೊಂದು ತಮಾಷೆ ನೋಡಿ. ಪೆನ್ನನ್ನು ಅಲ್ಲಾಡಿಸದೆ ಹಿಡಿದಾಗ ಬೀಟಾ ಹೊಂದಿಕೆ ಚೆನ್ನಾಗಿ ಕಾಣುತ್ತದೆ. ಕೈ ಚಲಿಸಿದ ಕೂಡಲೇ ಇಳಿದುಬಿಡುತ್ತದೆ. ಮತ್ತೆ ಸ್ಥಿರವಾದಾಗ ವಾಪಸ್ ಬರುತ್ತದೆ. ನಮಗೆ ಬೇಕಿರುವುದೋ ಚಲನೆಯ ಕತೆ! ಸಾಲದ್ದಕ್ಕೆ ಕೊಹೆರೆನ್ಸ್ ಲೆಕ್ಕಕ್ಕೆ ಇಎಂಜಿಯ ಒಂದು ತುಣುಕು ಸಾಕಾಗದು, ಒಂದೇ ಥರದ ತುಣುಕುಗಳು ರಾಶಿ ಬೇಕು. ಹೀಗಾಗಿ ಸಂಶೋಧಕರು ಜನರನ್ನು ಟ್ರೆಡ್‌ಮಿಲ್ ಮೇಲೆ ನಡೆಸುತ್ತಾರೆ. ಹೆಜ್ಜೆ ಮೇಲೆ ಹೆಜ್ಜೆ. ಪಾದ ಎತ್ತುವ ಅದೇ ಗಳಿಗೆಯನ್ನು ಪ್ರತಿ ಹೆಜ್ಜೆಯಿಂದಲೂ ಕತ್ತರಿಸಿ, ಒಟ್ಟು ಸೇರಿಸಿ, ಆಮೇಲಷ್ಟೇ ಲೆಕ್ಕ ಹಾಕುತ್ತಾರೆ.