ಬುಡ ಬಿಡಿಸಿದರೆ ಹುರಿ, ಬಿಟ್ಟರೆ ಗಂಟು

ಗುಂಗುರು ಕೂದಲಿನ ನಾಯಿಯ ಬೆನ್ನು ನೇವರಿಸಿದರೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಅದೇ ಕೈಯನ್ನು ಕಿವಿಯ ಹಿಂದಕ್ಕೋ ಮುಂಗಾಲಿನ ಕಂಕುಳಿಗೋ ಒಯ್ದು, ಬೆರಳ ತುದಿಯನ್ನು ಚರ್ಮದವರೆಗೆ ಇಳಿಸಿ ನೋಡಿ. ಇಳಿಯದಿದ್ದರೆ ಗಂಟು ಆಗಲೇ ಕಟ್ಟಿದೆ. ಮೇಲಿನ ಕೂದಲು ನಯವಾಗಿ ಹಾರಾಡುತ್ತಿರುವಾಗಲೇ ಬುಡದಲ್ಲಿ ಅದು ಹಾಸಿನಂತೆ ಹೆಣೆದುಕೊಂಡಿರುತ್ತದೆ. ದಿನಾ ಬ್ರಷ್ ಮಾಡುವವರ ಮನೆಯಲ್ಲೂ ಹೀಗಾಗುವುದುಂಟು. ಅವರ ಬ್ರಷ್ ಮೇಲಿನ ಅರ್ಧವನ್ನಷ್ಟೇ ಸವರಿ ಹೋಗಿರುತ್ತದೆ.

ಕೂದಲೆಳೆ ನುಣುಪಾದ ದಾರವಲ್ಲ. ಹಂಚು ಹೊದಿಸಿದ ಮಾಡಿನಂತೆ ಅದರ ಮೇಲೆ ಸಣ್ಣ ಹುರುಪೆಗಳು ಒಂದರ ಮೇಲೊಂದು ಕೂತಿವೆ, ಅಂಚೆಲ್ಲ ತುದಿಯ ಕಡೆಗೆ. ಬುಡದಿಂದ ತುದಿಗೆ ಸವರಿದರೆ ಬೆರಳು ಜಾರುತ್ತದೆ, ತುದಿಯಿಂದ ಬುಡಕ್ಕೆ ಸವರಿದರೆ ತಡೆಯುತ್ತದೆ. ಎಳೆಗಳು ಒಂದಕ್ಕೊಂದು ಉಜ್ಜಿದಾಗ ಪ್ರತಿಯೊಂದೂ ಒಂದೇ ದಿಕ್ಕಿಗೆ ಸರಿಯುತ್ತದೆ, ಹಿಂದಿರುಗುವುದಿಲ್ಲ. ಕುರಿಯ ಉಣ್ಣೆಯನ್ನು ನೆನೆಸಿ, ತಿಕ್ಕಿ, ನೇಯದೆಯೇ ಹಾಸು ಮಾಡುವುದು ಈ ಗುಣದಿಂದಲೇ. ನಾಯಿಯ ಮೈಮೇಲೆ ಆ ತಿಕ್ಕುವ ಕೆಲಸವನ್ನು ಕೊರಳಪಟ್ಟಿ, ಹಾರ್ನೆಸ್, ತೊಡಿಸಿದ ಅಂಗಿ ಮತ್ತು ನಡೆಯುವ ಕಾಲುಗಳೇ ಮಾಡುತ್ತವೆ. ಮೊದಲ ಗಂಟು ಕಂಕುಳು, ತೊಡೆಸಂದಿ, ಕಿವಿಯ ಹಿಂಭಾಗ, ಕತ್ತಿನ ಸುತ್ತ, ಬಾಲದ ಬುಡದಲ್ಲಿ ಕಾಣಿಸಿಕೊಳ್ಳುವುದು ಅದಕ್ಕೇ.

ಗುಂಗುರು ಇದಕ್ಕೆ ಇನ್ನೊಂದು ತೊಡಕು ಸೇರಿಸುತ್ತದೆ. ನಾಯಿಗಳ ಕೂದಲಿನ ವೈವಿಧ್ಯದ ಬಹುಪಾಲು ಮೂರೇ ಜೀನ್‌ಗಳ ಆಟ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು: ಉದ್ದಕ್ಕೆ ಎಫ್‌ಜಿಎಫ್5, ಮೀಸೆ ಹುಬ್ಬುಗಳಿಗೆ ಆರ್‌ಎಸ್‌ಪಿಒ2, ಗುಂಗುರಿಗೆ ಕೆಆರ್‌ಟಿ71. ಗುಂಗುರು ನಾಯಿಯ ಕೂದಲು ಉದುರುವುದು ಕಡಿಮೆ, ನಿಜ. ಆದರೆ ಉದುರಿದ್ದು ನೆಲಕ್ಕೆ ಬೀಳದೆ ಪಕ್ಕದ ಸುರುಳಿಯಲ್ಲಿ ಸಿಕ್ಕಿಕೊಳ್ಳುತ್ತದೆ. ‘ಕೂದಲು ಉದುರದ ತಳಿ’ ಎಂದು ಮಾರುವವರು ಹೇಳದೆ ಬಿಡುವ ಸಂಗತಿ ಇದು. ಸೋಫಾ ಗುಡಿಸುವ ಕೆಲಸ ತಪ್ಪಿತು, ಬಾಚುವ ಕೆಲಸ ಬಂತು. ಮರಿಯ ಕೂದಲು ಹೋಗಿ ದೊಡ್ಡ ನಾಯಿಯ ಕೂದಲು ಬರುವ ಹೊತ್ತಿನಲ್ಲಿ, ಸುಮಾರು ಎಂಟರಿಂದ ಹದಿನಾಲ್ಕು ತಿಂಗಳ ನಡುವೆ, ಇದು ವಿಪರೀತಕ್ಕೆ ಹೋಗುತ್ತದೆ. ನಿನ್ನೆ ಬಿಡಿಸಿದ ಜಾಗದಲ್ಲೇ ಇವತ್ತು ಮತ್ತೆ ಗಂಟು.

ಬಾಚುವವರಿಗೆ ಬೇಕಾದದ್ದು ಎರಡೇ ಸಾಧನ: ಬಾಗಿದ ತೆಳು ತಂತಿಗಳ ಸ್ಲಿಕ್ಕರ್ ಬ್ರಷ್ ಮತ್ತು ಉದ್ದ ಹಲ್ಲಿನ ಲೋಹದ ಬಾಚಣಿಗೆ. ಒಂದು ಪಾಲು ಕಂಡಿಷನರ್‌ಗೆ ಹತ್ತು ಪಾಲು ನೀರು ಬೆರೆಸಿ, ಇಬ್ಬನಿ ಕೂತಷ್ಟು ಮಾತ್ರ ಸಿಂಪಡಿಸಿ. ಬರಿಯ ಒಣಗೂದಲು ತುಂಡಾಗುತ್ತದೆ. ಕಾಲಿನ ಕೆಳಗಿನಿಂದ ಶುರುಮಾಡಿ. ಎಡಗೈಯಿಂದ ಕೂದಲನ್ನು ಮೇಲಕ್ಕೊತ್ತಿ ಹಿಡಿದರೆ ಚರ್ಮದ ಗೆರೆ ಕಾಣಬೇಕು. ಆ ಗೆರೆಯ ಕೆಳಗಿನ ಒಂದೆರಡು ಸೆಂಟಿಮೀಟರ್ ಕೂದಲನ್ನಷ್ಟೇ ಬ್ರಷ್ ಮಾಡಿ, ಬಾಚಣಿಗೆ ಹಾಯಿಸಿ, ಮುಂದಿನ ಗೆರೆಗೆ ಹೋಗಿ. ಬಾಚಣಿಗೆ ಬುಡದಿಂದ ತುದಿಗೆ ತಡೆಯಿಲ್ಲದೆ ಬಂದರೆ ಮಾತ್ರ ಆ ಗೆರೆ ಮುಗಿಯಿತು. ಬ್ರಷ್ ಸುಳ್ಳು ಹೇಳುತ್ತದೆ, ಬಾಚಣಿಗೆ ಹೇಳುವುದಿಲ್ಲ. ಸ್ಲಿಕ್ಕರನ್ನು ಎಷ್ಟು ಒತ್ತಬಹುದೆಂಬ ಅಂದಾಜಿಗೆ ಮೊದಲು ನಿಮ್ಮ ಮುಂಗೈ ಮೇಲೆ ಎಳೆದು ನೋಡಿ. ನಿಮಗೆ ಕೆಂಪು ಗೀರು ಬಿದ್ದರೆ ನಾಯಿಗೂ ಬೀಳುತ್ತದೆ.

ಗಂಟು ಸಿಕ್ಕಿದಾಗ ಅದರ ಬುಡವನ್ನು ಚರ್ಮದ ಹತ್ತಿರ ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿಯಿರಿ. ಆಗ ಎಳೆತ ಬೀಳುವುದು ನಿಮ್ಮ ಬೆರಳಿಗೆ, ಚರ್ಮಕ್ಕಲ್ಲ. ಬಾಚಣಿಗೆಯ ಕೊನೆಯ ಹಲ್ಲಿನಿಂದ ಗಂಟಿನ ತುದಿಯನ್ನು ಕೆದಕುತ್ತ, ಸ್ವಲ್ಪಸ್ವಲ್ಪವೇ ಬುಡದ ಕಡೆಗೆ ಬನ್ನಿ. ಬುಡದಿಂದ ಶುರುಮಾಡಿದರೆ ಸಡಿಲವಾದ ಎಳೆಗಳೆಲ್ಲ ತುದಿಯ ಕಡೆಗೆ ಒತ್ತರಿಸಿಕೊಂಡು ಇನ್ನಷ್ಟು ಬಿಗಿಯುತ್ತವೆ. ಕತ್ತರಿ ಹಾಕುವ ಆಸೆ ಬೇಡ. ಬಿಗಿದ ಗಂಟು ತೆಳು ಚರ್ಮವನ್ನು ಗುಡಾರದಂತೆ ಮೇಲಕ್ಕೆ ಎಳೆದಿರುತ್ತದೆ. ಕೂದಲು ಎಂದುಕೊಂಡು ಚರ್ಮವನ್ನೇ ಕತ್ತರಿಸಿ ಹೊಲಿಗೆಗೆ ಓಡಬೇಕಾದೀತು.

ಇನ್ನು ಸ್ನಾನ. ಗಂಟಿದ್ದಾಗ ಸ್ನಾನ ಮಾಡಿಸುವುದೆಂದರೆ ಉಣ್ಣೆ ನೆನೆಸಿ ತಿಕ್ಕಿದಂತೆಯೇ. ಒಣಗುವಷ್ಟರಲ್ಲಿ ಸಡಿಲ ಗಂಟು ಬಿಗಿ ಗಂಟಾಗಿರುತ್ತದೆ. ಮೊದಲು ಬಾಚಿ, ಆಮೇಲೆ ನೀರು. ಒಣಗಿಸುವುದರಲ್ಲೂ ಒಂದು ಗುಟ್ಟಿದೆ. ನೀರು ಕೂದಲಿನ ಪ್ರೋಟೀನಿನ ಹೈಡ್ರೋಜನ್ ಬಂಧಗಳನ್ನು ಬಿಡಿಸುತ್ತದೆ, ಒಣಗುವಾಗ ಅವು ಮತ್ತೆ ಕೂಡುತ್ತವೆ. ಕೂದಲು ಆ ಹೊತ್ತಿನಲ್ಲಿ ಯಾವ ಆಕಾರದಲ್ಲಿತ್ತೋ ಅದೇ ನಿಲ್ಲುತ್ತದೆ. ಗಾಳಿ ಬಿಡುತ್ತ ಬ್ರಷ್‌ನಿಂದ ಎಳೆದು ನೇರವಾಗಿ ಒಣಗಿಸಿದರೆ ಕೆಲವು ದಿನ ಗಂಟು ಕಡಿಮೆ. ತಾನಾಗಿ ಒಣಗಲು ಬಿಟ್ಟರೆ ಸುರುಳಿಗಳು ಬಿಗಿದು ಒಂದಕ್ಕೊಂದು ಸುತ್ತಿಕೊಳ್ಳುತ್ತವೆ.

ಮೈಯೆಲ್ಲ ಒಂದೇ ಚಾಪೆಯಾಗಿದ್ದರೆ ಬಿಡಿಸುವ ಹಟ ನಾಯಿಗೆ ಹಿಂಸೆ. ಬೋಳಿಸುವುದೇ ದಾರಿ. 10ನೇ ನಂಬರಿನ ಕ್ಲಿಪ್ಪರ್ ಬ್ಲೇಡ್ ಸುಮಾರು 1.5 ಮಿಲಿಮೀಟರ್ ಕೂದಲು ಉಳಿಸುತ್ತದೆ, ಗಂಟಿಗೂ ಚರ್ಮಕ್ಕೂ ನಡುವೆ ತೂರುತ್ತದೆ. ಕೂದಲನ್ನು ಉದ್ದ ಉಳಿಸುವ, ಹಲ್ಲುಗಳ ಅಂತರ ಹೆಚ್ಚಿರುವ ಬ್ಲೇಡುಗಳು ಚರ್ಮದ ಮಡಿಕೆಯನ್ನು ಕಚ್ಚುತ್ತವೆ. ಬ್ಲೇಡ್ ಬೇಗ ಕಾಯುವುದರಿಂದ ಆಗಾಗ ಮಣಿಕಟ್ಟಿಗೆ ಮುಟ್ಟಿಸಿ ನೋಡಬೇಕು. ಕಿವಿಯಲ್ಲಿ ಮಾತ್ರ ವಿಶೇಷ ಎಚ್ಚರ. ಭಾರದ ಗಂಟು ಕಿವಿಯ ತೆಳುಹಾಳೆಯಲ್ಲಿ ರಕ್ತದ ಓಡಾಟವನ್ನು ತಡೆದಿರುತ್ತದೆ. ಗಂಟು ಹೋದೊಡನೆ ರಕ್ತ ನುಗ್ಗುತ್ತದೆ, ತುರಿಕೆಗೆ ನಾಯಿ ತಲೆ ಕೊಡವುತ್ತದೆ, ಕಿವಿಯ ಹಾಳೆಯೊಳಗೆ ರಕ್ತ ತುಂಬಿ ಊದಿಕೊಳ್ಳಬಹುದು. ಕೆಲವು ಗಂಟೆ ಕಿವಿಗಳನ್ನು ತಲೆಗೆ ಒರಗಿಸಿ ಬಟ್ಟೆಯಿಂದ ಸಡಿಲವಾಗಿ ಸುತ್ತಿಟ್ಟರೆ ಒಳ್ಳೆಯದು. ಊದಿದರೆ ಪಶುವೈದ್ಯರಲ್ಲಿಗೆ.

ಕೆಲವು ತಳಿಗಳ ಕೂದಲು ಹಗ್ಗದಂತೆ ಜಡೆಗಟ್ಟಿ ಇಳಿಬೀಳುತ್ತದೆ, ಅದೇ ಹುರಿ. ಅದರ ಕಥೆಯೂ ಇದೇ ಹುರುಪೆಗಳದ್ದು. ಹಂಗೇರಿಯ ಪೂಲಿ, ಕೊಮೊಂಡೋರ್ ನಾಯಿಗಳ ಒರಟು ಹೊರಗೂದಲು ಮೆತ್ತನೆಯ ಒಳಗೂದಲನ್ನು ಹಿಡಿದು ಜಡೆಯಾಗುತ್ತದೆ. ಇಟಲಿಯ ಬೆರ್ಗಮಾಸ್ಕೊದಲ್ಲಿ ಮೂರು ಬಗೆಯ ಕೂದಲು ಸೇರಿ ಅಗಲ ಪಟ್ಟಿಗಳಾಗುತ್ತವೆ. 19ನೇ ಶತಮಾನದಲ್ಲಿ ಪೂಡಲ್‌ಗಳನ್ನೂ ಹುರಿಗಟ್ಟಿಸಿ ಪ್ರದರ್ಶನಕ್ಕೆ ತರುತ್ತಿದ್ದರು. ಗಂಟಿಗೂ ಹುರಿಗೂ ಇರುವ ವ್ಯತ್ಯಾಸ ಒಂದೇ: ಹುರಿಗಳ ನಡುವೆ ಚರ್ಮ ತೆರೆದಿರುತ್ತದೆ, ಗಾಳಿಯಾಡುತ್ತದೆ. ಆ ತೆರಪನ್ನು ಮನುಷ್ಯನ ಕೈ ಕಾಯಬೇಕು. ಹುರಿ ಬೆಳೆಯಲು ಬಿಟ್ಟರೆ ಬಾಚುವ ಕೆಲಸ ತಪ್ಪಿತು ಎಂದುಕೊಂಡವರು ಆರೇ ತಿಂಗಳಲ್ಲಿ ಕ್ಲಿಪ್ಪರ್ ಹುಡುಕುತ್ತಾರೆ.

ಇಂಥ ನಾಯಿಗೆ ಸುಮಾರು ಒಂಬತ್ತು ತಿಂಗಳಿಂದ ಒಂದು ವರ್ಷದ ವಯಸ್ಸಿನೊಳಗೆ ಕೂದಲು ಗೊಂಚಲು ಕಟ್ಟತೊಡಗುತ್ತದೆ. ಒಂದೊಂದು ಗೊಂಚಲಿನ ತುದಿಯನ್ನು ಎರಡು ಕೈಯಲ್ಲಿ ಇಬ್ಭಾಗವಾಗಿ ಹಿಡಿದು ಚರ್ಮ ಕಾಣುವವರೆಗೆ ಸೀಳಬೇಕು. ಒಂದು ಹುರಿಗೆ ಒಂದೆರಡು ಸೆಂಟಿಮೀಟರ್ ಅಗಲದ ಚರ್ಮ ಸಾಕು. ತೀರ ತೆಳುವಾಗಿ ಸೀಳಿದರೆ ಮುಂದೆ ತನ್ನ ಭಾರಕ್ಕೇ ಕಿತ್ತುಬರುತ್ತದೆ, ದಪ್ಪ ಬಿಟ್ಟರೆ ನಡುವೆ ಎಂದೂ ಒಣಗುವುದಿಲ್ಲ. ಹೊಸ ಕೂದಲು ಬುಡದಲ್ಲಿ ಪಕ್ಕದ ಹುರಿಯೊಡನೆ ಬೆಸೆಯುತ್ತಲೇ ಇರುವುದರಿಂದ ವಾರಕ್ಕೊಮ್ಮೆ ಬೆರಳು ಹಾಕಿ ಬೇರ್ಪಡಿಸುವ ಕೆಲಸ ನಾಯಿಯ ಆಯುಷ್ಯವಿಡೀ ತಪ್ಪದು. ಹುರಿ ನೆಲ ಮುಟ್ಟಲು ನಾಲ್ಕೈದು ವರ್ಷ ಬೇಕು.

ಇದಕ್ಕೆ ಸ್ನಾನವೂ ಬೇರೆ. ನೀರು ಬೆರೆಸಿ ತೆಳುಮಾಡಿದ ಶಾಂಪೂ ಸುರಿದು ಹುರಿಗಳನ್ನು ಸ್ಪಂಜಿನಂತೆ ಹಿಂಡಬೇಕು, ತಿಕ್ಕಬಾರದು. ನೊರೆ ಪೂರ್ತಿ ಹೋಗುವವರೆಗೆ ತೊಳೆದು, ಟವೆಲ್ಲಿನಲ್ಲಿ ಒಂದೊಂದೇ ಹಿಡಿ ಹಿಂಡಿ, ತಂಪುಗಾಳಿಗೆ ಒಡ್ಡಬೇಕು. ಬಿಸಿಗಾಳಿ ಹೊರಪದರವನ್ನು ಒಣಗಿಸಿ ಒಳಗಿನ ತೇವವನ್ನು ಮರೆಸುತ್ತದೆ. ದೊಡ್ಡ ಕೊಮೊಂಡೋರ್ ಪೂರ್ತಿ ಒಣಗಲು ಒಂದು ದಿನಕ್ಕೂ ಮಿಕ್ಕಿ ಹಿಡಿಯಬಹುದು. ಒಣಗಿತು ಅನ್ನಿಸಿದ ಮೇಲೂ ಕಂಕುಳಿನ ದಪ್ಪ ಹುರಿಯೊಂದರ ಬುಡವನ್ನು ಮೂಗಿಗೆ ಹಿಡಿದು ನೋಡಿ. ಮುಗ್ಗಲು ವಾಸನೆ ಬಂದರೆ ಫ್ಯಾನ್ ಇನ್ನೂ ಓಡಬೇಕು.